ತಾತನ ಎಡೆಗೆ ಏನೇನು ಇಡಬೇಕು?

ಪ್ರಶ್ನೆ: ನಾವು ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆಯವರು. ಮೈಸೂರಿಗೆ ಬಂದು ಆರು ವರ್ಷವಾಯಿತು. ಮಗನಿಗೆ ಎಂಟು ವರ್ಷ, ಮೂರನೆಯ ತರಗತಿ. ನಮ್ಮ ಜೊತೆಯಲ್ಲೇ ಇದ್ದ ನನ್ನ ಮಾವನವರು ಈ ಆಷಾಢದಲ್ಲಿ ತೀರಿಕೊಂಡರು. ರಾತ್ರಿ ಎದೆನೋವು ಎಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಮಗ ಮಲಗಿದ್ದ. ಅವರು ಮರಳಲಿಲ್ಲ. ಊರಿನ ನಮ್ಮ ಗದ್ದೆಯಲ್ಲೇ ಮಣ್ಣು ಮಾಡಿದರು. ಹೆದರಿಕೊಳ್ಳುತ್ತಾನೆಂದು ಅವನನ್ನು ಅಲ್ಲಿಗೆ ಕರೆದೊಯ್ಯಲಿಲ್ಲ, ‘ತಾತ ದೇವರ ಹತ್ತಿರ ಮಲಗಿದ್ದಾರೆ’ ಎಂದೆವು. ತಾತ ಮೊಮ್ಮಗ ಇಬ್ಬರೂ ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ನೋಡಿ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಈಗ ಆ ಪುಸ್ತಕವನ್ನು ಅವನು ಮುಟ್ಟುತ್ತಿಲ್ಲ. ಶಾಲೆಯ ದಿನ ಬೆಳಿಗ್ಗೆ ಹೊಟ್ಟೆನೋವು. ರಾತ್ರಿ ಮಲಗಲು ಹಟ. ನಾನು ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ನಿಂತಿರುತ್ತಾನೆ. ಗಣೇಶನನ್ನು ಬಿಡುವ ದಿನ ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರಿಕೊಂಡಿದ್ದ. ಶಾಲೆಯಲ್ಲಿ ಹೇಳಿಕೊಂಡಾಗ ‘ಶರತ್ಕಾಲದ ಚಟುವಟಿಕೆ’ ಎಂಬ ಒಂದು ಹಾಳೆ ಕೊಟ್ಟರು: ಉದುರಿದ ಬಣ್ಣದ ಎಲೆಗಳನ್ನು ಆರಿಸಿ, ಒಂದೊಂದರ ಮೇಲೆ ಒಂದೊಂದು ದುಃಖ ಬರೆದು ಗಾಳಿಗೆ ಬಿಡಬೇಕಂತೆ. ಬೀದಿಯೆಲ್ಲ ಹುಡುಕಿದರೂ ಸಿಕ್ಕಿದ್ದು ಹಸಿರು ಹೊಂಗೆ ಎಲೆ. ಈ ವರ್ಷ ಹಬ್ಬವಿಲ್ಲ, ಗೊಂಬೆ ಕೂರಿಸುವುದಿಲ್ಲ ಎಂದು ನಮ್ಮ ಅತ್ತೆ ಹೇಳಿದ್ದಾರೆ. ‘ತಾತ ಸತ್ತಿದ್ದಕ್ಕೆ ನನಗೆ ಯಾಕೆ ಗೊಂಬೆ ಇಲ್ಲ?’ ಎಂದು ಕೇಳುತ್ತಾನೆ. ಏನು ಮಾಡಲಿ?

ಉತ್ತರ: ಮೊದಲು ಆ ಎಲೆಯ ವಿಷಯ ಮುಗಿಸಿಬಿಡೋಣ, ತಾಯಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎಲೆ ಕೆಂಪಾಗಿ ಉದುರುವುದು ಚಳಿದೇಶಗಳಲ್ಲಿ. ಅಲ್ಲಿ ಹಗಲು ಗಂಟೆಗಟ್ಟಲೆ ಕುಗ್ಗುತ್ತದೆ. ಬೆಳಕು ಕಡಿಮೆಯಾಗಿ ಮನಸ್ಸು ಕುಂದುವ ತೊಂದರೆಯೂ ಕೆಲವರಿಗೆ ಬರುತ್ತದೆ, ಆದ್ದರಿಂದ ಅಲ್ಲಿನವರು ಮಕ್ಕಳಿಗಾಗಿ ಇಂಥ ಹಾಳೆ ತಯಾರಿಸುವುದು ಸರಿಯೇ. ಮೈಸೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಅಷ್ಟೇ. ನಮ್ಮ ಆಶ್ವಯುಜ, ಕಾರ್ತಿಕ ಎಂದರೆ ಹಸ್ತಾ, ಚಿತ್ತಾ, ಸ್ವಾತಿ ಮಳೆ. ಮೈಸೂರಿಗೆ ಹೆಚ್ಚು ಮಳೆಯಾಗುವ ತಿಂಗಳುಗಳಲ್ಲಿ ಅಕ್ಟೋಬರೂ ಒಂದು. ಹೊಂಗೆ, ಅರಳಿ ಎಲೆ ಉದುರಿಸುವುದು ಮಾಗಿ ಕಳೆಯುವಾಗ, ಶಿವರಾತ್ರಿಯ ಆಸುಪಾಸು. ಈಗ ನಮ್ಮಲ್ಲಿ ಉದುರುವುದೇನಾದರೂ ಇದ್ದರೆ ಅದು ಬೆಳಗಿನ ಪಾರಿಜಾತ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಮಕ್ಕಳೊಡನೆ ಮಾತಾಡುವ ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥದೇ ಬಣ್ಣದ ಎಲೆಯ ಚಿತ್ರವನ್ನು ಶ್ರೀರಂಗಪಟ್ಟಣ ತಾಲ್ಲೂಕಿನ ಒಬ್ಬ ಹುಡುಗನ ಮುಂದಿಟ್ಟು ‘ಇದನ್ನು ನೋಡಿದರೆ ಏನನ್ನಿಸುತ್ತದೆ?’ ಎಂದು ಕೇಳಿದ್ದೆ. ಅವನು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ‘ಈ ಗಿಡಕ್ಕೆ ರೋಗ ಬಂದಿದೆ ಮೇಡಂ, ಔಷಧಿ ಹೊಡೆಯಬೇಕು’ ಎಂದ. ಕಬ್ಬು, ಭತ್ತದ ನಡುವೆ ಬೆಳೆದವನಿಗೆ ಕೆಂಪಾದ ಎಲೆ ಎಂದರೆ ಮತ್ತೇನು? ಅಂದಿನಿಂದ ಆ ಹಾಳೆಗಳನ್ನು ಕಪಾಟಿನ ಮೇಲಿಟ್ಟಿದ್ದೇನೆ.

ಎಲೆ ಸಿಕ್ಕಿದ್ದರೂ ನಿಮ್ಮ ಮಗನಿಗೆ ನಾನು ಅದನ್ನು ಹೇಳುತ್ತಿರಲಿಲ್ಲ. ಉದುರಿದ ಎಲೆಯ ಜಾಗದಲ್ಲಿ ಯುಗಾದಿಯ ಹೊತ್ತಿಗೆ ಚಿಗುರು ಬರುತ್ತದೆ. ಎಂಟು ವರ್ಷದ ಹುಡುಗ ಹೋಲಿಕೆಯನ್ನು ಕೊನೆಯವರೆಗೂ ಎಳೆಯುತ್ತಾನೆ: ‘ಹಾಗಾದರೆ ತಾತನೂ ಯುಗಾದಿಗೆ ಬರುತ್ತಾರಾ?’ ವಲಸೆ ಹಕ್ಕಿಗಳ ಮಾತೂ ಹೀಗೆಯೇ. ಸಿಪಿಲೆಗಳು ಈಗ ಕುಕ್ಕರಹಳ್ಳಿ ಕೆರೆಯ ಅಂಚಿಗೆ ಬಾಲ ಕುಣಿಸುತ್ತ ಬರುವ ಕಾಲ. ಇನ್ನೆರಡು ಮೂರು ತಿಂಗಳಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಖಂಡಿತ ಕರೆದುಕೊಂಡು ಹೋಗಿ ತೋರಿಸಿ. ಆದರೆ ‘ಹೋದ ಹಕ್ಕಿ ಮರಳಿ ಬರುವ ಹಾಗೆ’ ಎಂದು ಮಾತ್ರ ಬಾಯಿ ತಪ್ಪಿಯೂ ಹೇಳಬೇಡಿ.

ನೀವು ಮೊದಲು ಸರಿಮಾಡಬೇಕಾದದ್ದು ‘ಮಲಗಿದ್ದಾರೆ’ ಎಂಬ ಮಾತನ್ನು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ, ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ಆದರೆ ಅವನ ಕಡೆಯಿಂದ ಲೆಕ್ಕ ಹಾಕಿ ನೋಡಿ. ತಾನು ಮಲಗಿದ್ದಾಗ ತಾತ ಹೋದರು. ಮಲಗಿದ ತಾತ ಏಳಲೇ ಇಲ್ಲ. ಮನೆಯಿಂದ ಹೊರಟವರು ಮರಳಲಿಲ್ಲ. ಇಷ್ಟಾದ ಮೇಲೆ ಮಗು ನಿದ್ದೆಗೆ ಹೆದರುವುದೂ, ಅಮ್ಮನ ಹಿಂದೆ ಸ್ನಾನದ ಮನೆಯ ಬಾಗಿಲವರೆಗೆ ಬರುವುದೂ ಹಟವಲ್ಲ. ಅವನಿಗೆ ಗೊತ್ತಿರುವಷ್ಟರಲ್ಲಿ ಅದು ಸರಿಯಾದ ತೀರ್ಮಾನವೇ. ಐದು ವರ್ಷದೊಳಗಿನ ಮಕ್ಕಳಿಗೆ ಸಾವು ಎಂದರೆ ಮರಳಿ ಬಾರದ್ದು ಎಂಬುದು ಸಾಮಾನ್ಯವಾಗಿ ಹೊಳೆಯುವುದಿಲ್ಲ. ಏಳು, ಎಂಟರ ಹೊತ್ತಿಗೆ ಹೆಚ್ಚಿನವರಿಗೆ ತಿಳಿಯುತ್ತದೆ. ಹೇಳುವವರು ಮಾತ್ರ ಬೇಕು.

ಹೀಗೆ ಹೇಳಬಹುದು: ‘ತಾತನ ಹೃದಯ ನಿಂತುಹೋಯಿತು. ಡಾಕ್ಟರು ಪ್ರಯತ್ನ ಮಾಡಿದರು, ಆಗಲಿಲ್ಲ. ತಾತ ಸತ್ತುಹೋದರು. ಅವರು ಮಲಗಿಲ್ಲ, ನಾನು ಆವತ್ತು ಹಾಗೆ ಹೇಳಿದ್ದು ತಪ್ಪು. ನಿದ್ದೆ ಮಾಡಿದರೆ ಬೆಳಿಗ್ಗೆ ಏಳುತ್ತೇವೆ. ಅವರಿಗೆ ಈಗ ನೋವಿಲ್ಲ, ಆದರೆ ಮತ್ತೆ ಬರುವುದಿಲ್ಲ. ನೀನು ಎಚ್ಚರವಾಗಿದ್ದಿದ್ದರೂ ಹೀಗೆಯೇ ಆಗುತ್ತಿತ್ತು.’ ಕೊನೆಯ ವಾಕ್ಯವನ್ನು ಬಿಡಬೇಡಿ. ಈ ವಯಸ್ಸಿನ ಮಕ್ಕಳು ಯಾರಿಗೂ ಹೇಳದೆ ತಮ್ಮ ಮೇಲೆ ತಪ್ಪು ಹೊತ್ತುಕೊಂಡಿರುತ್ತಾರೆ. ಹೇಳಿದ ಮೇಲೆ ಅವನು ಎರಡು ನಿಮಿಷ ಅತ್ತು, ಮೂರನೆಯ ನಿಮಿಷಕ್ಕೆ ‘ಹೊರಗೆ ಆಡಲು ಹೋಗಲಾ?’ ಎಂದರೆ ಕಲ್ಲುಹೃದಯ ಎಂದುಕೊಳ್ಳಬೇಡಿ. ಮಕ್ಕಳ ದುಃಖ ಚಿತ್ತಾ ಮಳೆಯ ಹಾಗೆ. ಕುರುಡು ಚಿತ್ತೆ ಎನ್ನುತ್ತಾರಲ್ಲ, ಈ ಹೊಲಕ್ಕೆ ಸುರಿದು ಪಕ್ಕದ ಹೊಲ ಬಿಟ್ಟು ಹೋಗುತ್ತದೆ. ಸಂಜೆ ಊಟದ ತಟ್ಟೆಯ ಮೇಲೋ ತಂಗಿಯ ಮೇಲೋ ಇದ್ದಕ್ಕಿದ್ದಂತೆ ಸುರಿದೀತು.

ಈಗ ನಮ್ಮ ಶರತ್ತಿಗೆ ಬರೋಣ. ಅದರ ಹೊಸ್ತಿಲಲ್ಲೇ ಇರುವುದು ಪಿತೃಪಕ್ಷ. ಸತ್ತವರ ಹೆಸರನ್ನು ಮನೆಮಂದಿಯೆಲ್ಲ ಬಾಯಿಬಿಟ್ಟು ಹೇಳುವ, ಅವರಿಗಾಗಿ ಒಲೆ ಹಚ್ಚುವ ಹದಿನೈದು ದಿನ. ದುಃಖದಲ್ಲಿರುವ ಮಗುವಿಗೆ ಇದಕ್ಕಿಂತ ಹೇಳಿ ಮಾಡಿಸಿದ ಕಾಲವನ್ನು ನಾನು ಯಾವ ತರಬೇತಿಯಲ್ಲೂ ಕಂಡಿಲ್ಲ. ಆದರೂ ನಾವು ಮಾಡುವುದೇನು? ‘ನೀನು ಆ ಕಡೆ ಹೋಗಿ ಆಡಿಕೋ’ ಎಂದು ಮಕ್ಕಳನ್ನು ಅಡುಗೆಮನೆಯಿಂದ ಓಡಿಸುತ್ತೇವೆ.

ವರ್ಷ ತುಂಬುವ ಮೊದಲು ಎಡೆ ಇಡುವ ಮನೆಗಳೂ ಇವೆ, ಇಡದ ಮನೆಗಳೂ ಇವೆ. ಅದನ್ನು ನಿಮ್ಮ ಅತ್ತೆಯವರು ಹೇಳಿದಂತೆ ಮಾಡಿ. ಇಡುವುದಾದರೆ ಒಂದು ವಾರ ಮೊದಲೇ ಮಗನಿಗೆ ಕಾಗದ, ಪೆನ್ಸಿಲ್ ಕೊಟ್ಟು ‘ತಾತನ ಎಡೆಗೆ ಏನೇನು ಇಡಬೇಕು, ಪಟ್ಟಿ ಮಾಡಪ್ಪ, ನನಗೆ ಮರೆತುಹೋಗುತ್ತದೆ’ ಎನ್ನಿ. ಅವನು ಬರೆದದ್ದನ್ನು ತಿದ್ದಬೇಡಿ. ಮಂಡ್ಯದ ಒಂದು ಮನೆಯಲ್ಲಿ ಏಳು ವರ್ಷದ ಹುಡುಗಿ, ತಿಂಗಳುಗಟ್ಟಲೆ ತಾತನ ಸುದ್ದಿಯನ್ನೇ ಎತ್ತದವಳು, ಇಂಥ ಪಟ್ಟಿ ಬರೆದಿದ್ದಳು: ಮೀನು ಸಾರು, ಮುದ್ದೆ, ಎರಡು ಕಜ್ಜಾಯ, ಬೀಡಿ ಕಟ್ಟು, ಬೆಂಕಿಪೊಟ್ಟಣ, ಕನ್ನಡಕ. ‘ಕನ್ನಡಕ ಯಾಕಮ್ಮ?’ ಎಂದು ಅವಳ ತಾಯಿ ಕೇಳಿದರು. ‘ಇಲ್ಲದಿದ್ದರೆ ಮೀನಿನ ಮುಳ್ಳು ಕಾಣುವುದಿಲ್ಲ’ ಎಂದಳು. ತಾಯಿ ನಗಲು ಹೋಗಿ ಅತ್ತರಂತೆ. ಕನ್ನಡಕ ಇಟ್ಟರು. ಆ ಪಟ್ಟಿ ಈಗಲೂ ಅವರ ಮನೆಯ ಬೀರುವಿನ ಬಾಗಿಲಿನ ಒಳಗೆ ಅಂಟಿಕೊಂಡಿದೆ.

ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೀರಲ್ಲ, ಆ ಐದು ನಿಮಿಷ ಅವನ ಕೈ ಹಿಡಿದುಕೊಂಡಿರಿ. ಬಾಗಿಲು ತೆರೆದ ಕೂಡಲೇ ಅವನು ತಟ್ಟೆ ನೋಡುತ್ತಾನೆ. ‘ತಿಂದರಾ?’ ಎಂದು ಕೇಳುತ್ತಾನೆ, ಬರೆದಿಟ್ಟುಕೊಳ್ಳಿ. ಬುದ್ಧಿವಂತನಾದರೆ ‘ತಾತ ಬರುವುದಿಲ್ಲ ಅಂದಿದ್ದೆಯಲ್ಲ, ಮತ್ತೆ ಎಡೆ ಯಾರಿಗೆ?’ ಎಂದೂ ಕೇಳಿಯಾನು. ತಡಬಡಾಯಿಸಬೇಡಿ. ‘ಇಟ್ಟದ್ದು ಹಾಗೇ ಇದೆ ನೋಡು. ತಾತನಿಗೆ ಹಸಿವಿಲ್ಲ. ಅವರಿಗೆ ಬಡಿಸಬೇಕು ಅಂತ ನಮಗೆ ಆಸೆ, ಅದಕ್ಕೆ ಇಟ್ಟೆವು’ ಎನ್ನಿ. ಅಷ್ಟರಲ್ಲಿ ಅಜ್ಜಿ ಪಕ್ಕದಿಂದ ‘ತಿಂದರಪ್ಪ, ತೃಪ್ತಿಯಾಯಿತು’ ಎಂದುಬಿಡಬಹುದು. ಅವರನ್ನು ತಿದ್ದಲು ಹೋಗಬೇಡಿ. ನಲವತ್ತು ಐವತ್ತು ವರ್ಷ ಬಡಿಸಿದ ಕೈ ಅದು. ಅಮ್ಮ ಒಂದು ಹೇಳುತ್ತಾಳೆ, ಅಜ್ಜಿ ಇನ್ನೊಂದು ನಂಬುತ್ತಾರೆ ಎಂಬುದನ್ನು ಮಕ್ಕಳು ನಾವು ತಿಳಿದುಕೊಂಡಿರುವುದಕ್ಕಿಂತ ಚೆನ್ನಾಗಿ ಸಂಭಾಳಿಸುತ್ತಾರೆ.

ಗೊಂಬೆಯ ವಿಷಯದಲ್ಲೂ ಅತ್ತೆಯವರ ಜೊತೆ ಜಗಳಕ್ಕೆ ನಿಲ್ಲುವುದು ಬೇಡ. ಮಗನಿಗೆ ಗೊಂಬೆ ತಪ್ಪಿದ್ದಕ್ಕಿಂತ ಕಾರಣ ತಿಳಿಯದಿರುವುದು ಹೆಚ್ಚು ಕಾಡುತ್ತಿದೆ. ತಾನೇನೋ ತಪ್ಪು ಮಾಡಿದ್ದಕ್ಕೆ ಶಿಕ್ಷೆ ಎಂದುಕೊಂಡಿದ್ದಾನೆ. ಕಾರಣವನ್ನು ಅಜ್ಜಿಯೇ ಹೇಳಲಿ: ‘ತಾತ ಇಲ್ಲದ ಮೊದಲನೆಯ ವರ್ಷ, ಸಂಭ್ರಮ ಮಾಡಲು ನನಗೆ ಮನಸ್ಸಿಲ್ಲ ಕಂದ. ಮುಂದಿನ ವರ್ಷ ನೀನೇ ಮೆಟ್ಟಿಲು ಜೋಡಿಸು.’ ಹಿರಿಯರೂ ದುಃಖಪಡುತ್ತಾರೆ, ಅದನ್ನು ಹೇಳಿಕೊಳ್ಳಬಹುದು ಎಂಬುದನ್ನು ಅವನು ನೋಡಿ ಕಲಿಯುವುದು ಹೀಗೆ. ಇನ್ನೊಂದು ಕೆಲಸವಿದೆ. ಅಜ್ಜಿ ಒಪ್ಪಿದರೆ ಗೊಂಬೆ ಪೆಟ್ಟಿಗೆ ಕೆಳಗಿಳಿಸಿ. ಪಟ್ಟದ ಗೊಂಬೆಯಿಂದ ಹಿಡಿದು ಒಂದೊಂದನ್ನೂ ಒರೆಸಿ, ಸುತ್ತಿದ್ದ ಹಳೆಯ ಪತ್ರಿಕೆ ತೆಗೆದು ಹೊಸದು ಸುತ್ತಿಡಬೇಕು, ಇಲ್ಲವಾದರೆ ಹುಳ ಹಿಡಿಯುತ್ತದೆ. ಕೂರಿಸದಿದ್ದರೂ ಈ ಕೆಲಸ ತಪ್ಪಿದ್ದಲ್ಲ. ಮಗುವನ್ನು ಎದುರು ಕೂರಿಸಿಕೊಂಡು ‘ಮನಸ್ಸಿನಲ್ಲಿರುವುದನ್ನು ಹೇಳು’ ಎಂದರೆ ಹಲ್ಲು ಕಚ್ಚಿ ಕೂರುತ್ತದೆ. ಕಣ್ಣು, ಕೈ ಎರಡೂ ರಾಣಿ ಗೊಂಬೆಯ ಮೂಗಿನ ಧೂಳಿನಲ್ಲಿ ಮುಳುಗಿದ್ದಾಗ ಮಾತು ತಾನಾಗಿಯೇ ಬರುತ್ತದೆ. ನೀವೂ ಗೊಂಬೆಯನ್ನೇ ನೋಡುತ್ತ ‘ಹೂಂ’ ಎನ್ನುತ್ತಿದ್ದರೆ ಸಾಕು.

ಇನ್ನು ಹೊಟ್ಟೆನೋವು. ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ, ಬೇರೆ ಕಾರಣವಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಕಾರಣ ಸಿಗದಿದ್ದರೂ ‘ನಾಟಕ’ ಎನ್ನಬೇಡಿ. ಭಯಕ್ಕೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಆ ಭಯ ಶಾಲೆಯದ್ದಲ್ಲ, ಅಗಲಿಕೆಯದ್ದು. ಇದಕ್ಕೆ ಮೈಸೂರಿನಲ್ಲಿರುವವರಿಗೆ ಒಳ್ಳೆಯ ಗುರುಗಳಿದ್ದಾರೆ, ಈಗ ಅರಮನೆಯ ಆವರಣದಲ್ಲೇ ಬೀಡುಬಿಟ್ಟಿದ್ದಾರೆ.

ಒಂದು ದಿನ ಬೆಳಿಗ್ಗೆ ಬೇಗ ಎಬ್ಬಿಸಿ ದಸರಾ ಆನೆಗಳ ತಾಲೀಮು ತೋರಿಸಿ. ಜಂಬೂಸವಾರಿಯ ದಿನ ಅಂಬಾರಿ ಆನೆ ಸುಮಾರು 750 ಕಿಲೋ ಹೊತ್ತು, ಅರಮನೆಯಿಂದ ಬನ್ನಿಮಂಟಪದವರೆಗೆ ಐದು ಕಿಲೋಮೀಟರ್‌ನಷ್ಟು ದೂರ, ಲಕ್ಷಾಂತರ ಜನರ ನಡುವೆ ನಡೆಯಬೇಕು. ಕಾಡಿನ ಶಿಬಿರದಿಂದ ಬಂದ ಮರುದಿನವೇ ಅದರ ಬೆನ್ನಿಗೆ ಅಂಬಾರಿ ಏರಿಸುತ್ತಾರೆಯೇ? ಇಲ್ಲ. ಮೊದಲು ಬರಿಮೈಯಲ್ಲಿ ಅದೇ ದಾರಿ. ಆಮೇಲೆ ಒಂದಿಷ್ಟು ಮರಳಿನ ಮೂಟೆ. ಇನ್ನಷ್ಟು ಮೂಟೆ. ಆಮೇಲೆ ಮರದ ಅಂಬಾರಿ. ಕುಶಾಲತೋಪಿನ ಸದ್ದಿಗೂ ಹೀಗೆಯೇ, ಹಬ್ಬಕ್ಕೆ ಮೊದಲೇ ಕೆಲವು ಸಲ ತೋಪು ಹಾರಿಸಿ ಆನೆ, ಕುದುರೆಗಳ ಕಿವಿಗೆ ರೂಢಿ ಮಾಡಿಸುತ್ತಾರೆ. ಹೊಸ ಆನೆ ಬೆಚ್ಚಿದರೆ ಮಾವುತ ಬೈಯುವುದಿಲ್ಲ, ಪಕ್ಕದಲ್ಲೇ ನಿಂತು ಮೈ ಸವರುತ್ತಾನೆ. ಹಬ್ಬದ ದಿನವೂ ಅಂಬಾರಿ ಆನೆ ಒಂಟಿಯಲ್ಲ. ಎಡಕ್ಕೊಂದು ಬಲಕ್ಕೊಂದು ಕುಮ್ಕಿ, ಎಂದರೆ ಧೈರ್ಯಕ್ಕೆ ಜೊತೆ ನಡೆಯುವ ಹೆಣ್ಣಾನೆ.

ಇದನ್ನೆಲ್ಲ ನೋಡಿಕೊಂಡು ಬಂದ ಸಂಜೆಯೇ ಮನೆಯಲ್ಲಿ ನಿಮ್ಮ ತಾಲೀಮು ಶುರುವಾಗಲಿ. ‘ಐದು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತರುತ್ತೇನೆ, ದೊಡ್ಡ ಮುಳ್ಳು ಆರಕ್ಕೆ ಬರುವಷ್ಟರಲ್ಲಿ ಇಲ್ಲಿರುತ್ತೇನೆ’ ಎಂದು ಹೇಳಿ ಹೋಗಿ. ಹೇಳಿದ ಹೊತ್ತಿಗೆ ಬನ್ನಿ. ಒಂದು ನಿಮಿಷ ಮೊದಲೇ ಬಂದರೂ ಅಡ್ಡಿಯಿಲ್ಲ, ತಡ ಮಾತ್ರ ಬೇಡ. ಎರಡು ಮೂರು ದಿನ ಅದೇ. ಆಮೇಲೆ ಹತ್ತು ನಿಮಿಷ, ಆಮೇಲೆ ಇಪ್ಪತ್ತು. ಇಪ್ಪತ್ತಕ್ಕೆ ತುಂಬ ಅತ್ತರೆ ಮತ್ತೆ ಹತ್ತಕ್ಕೆ ಇಳಿಸಿ. ಮೂಟೆ ಇಳಿಸುವುದು ಸೋಲಲ್ಲ ಎಂದು ಅವನಿಗೂ ಹೇಳಿ. ಅವನ ಕಣ್ಣು ತಪ್ಪಿಸಿ ಹಿಂದಿನ ಬಾಗಿಲಿನಿಂದ ಹೋಗುವುದನ್ನು ಮಾತ್ರ ಒಂದು ಸಲವೂ ಮಾಡಬೇಡಿ, ಒಂದು ತಿಂಗಳ ಕೆಲಸ ಒಂದೇ ದಿನಕ್ಕೆ ಹಾಳಾಗುತ್ತದೆ. ಅವನ ಕುಮ್ಕಿ ಆನೆಗಳು ಯಾರು ಎಂದು ಅವನನ್ನೇ ಕೇಳಿ. ಮನೆಯಲ್ಲಿ ಅಜ್ಜಿ ಇರಬಹುದು. ಶಾಲೆಯಲ್ಲೂ ಒಬ್ಬರು ಬೇಕು, ಗೇಟಿನಲ್ಲಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುವ ಶಿಕ್ಷಕಿಯೋ ಆಯಾ ಅಮ್ಮನೋ. ಶಾಲೆಯವರೊಡನೆ ಎಲೆಯ ಹಾಳೆಯ ಬದಲು ಈ ಮಾತಾಡಿ.

ದಸರಾ ರಜೆಯಲ್ಲಿ ಹೊಟ್ಟೆನೋವು ಮಾಯವಾಗುತ್ತದೆ, ಗುಣವಾಯಿತು ಎಂದು ನೀವು ಅಂದುಕೊಳ್ಳುತ್ತೀರಿ. ಶಾಲೆ ತೆರೆದ ದಿನ ಮತ್ತೆ ಹಾಜರಾಗುತ್ತದೆ. ಆದ್ದರಿಂದ ರಜೆಯಲ್ಲೂ ತಾಲೀಮು ನಿಲ್ಲಬಾರದು; ಶಾಲೆ ತೆರೆಯಲು ನಾಲ್ಕು ದಿನವಿರುವಾಗ ಏಳುವ, ಮಲಗುವ ಹೊತ್ತನ್ನು ಹಳೆಯ ದಾರಿಗೆ ತನ್ನಿ, ಒಂದು ಸಲ ಗೇಟಿನವರೆಗೆ ನಡೆದು ಬನ್ನಿ.

ದೀಪಾವಳಿಯ ಪಟಾಕಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನನ್ನು ಬೀದಿಗೆ ಎಳೆದು ‘ಗಂಡುಮಗ, ಹೆದರುತ್ತೀಯಾ’ ಎನ್ನುವ ನೆಂಟರಿದ್ದರೆ ಅವರನ್ನು ಬೀದಿಯಲ್ಲೇ ಬಿಟ್ಟು ನೀವು ಒಳಗೆ ಬನ್ನಿ. ಕಾರ್ತಿಕದಲ್ಲಿ ಆರು ಗಂಟೆಗೆಲ್ಲ ಕತ್ತಲು. ನಿಮ್ಮ ಮಗನಿಗೆ ಕಷ್ಟದ ಹೊತ್ತೂ ಅದೇ. ದಿನಾ ಮುಸ್ಸಂಜೆ ಹೊಸ್ತಿಲಿಗೆ ದೀಪ ಇಡುವುದು ಅವನ ಕೆಲಸವಾಗಲಿ. ಎಣ್ಣೆ, ಬತ್ತಿ ಅವನದೇ. ಕತ್ತಲಾಗುವುದನ್ನು ಕಾಯುತ್ತ ಹೆದರುವವನಿಗೂ, ದೀಪ ಹಚ್ಚಲೆಂದು ಕತ್ತಲನ್ನು ಕಾಯುವವನಿಗೂ ವ್ಯತ್ಯಾಸವಿದೆ.

ಇಷ್ಟರಲ್ಲೂ ಒಂದು ಎಚ್ಚರ ಇರಲಿ. ಶಾಲೆಗೆ ಹೋಗುವುದೇ ನಿಂತರೆ, ವಾರಗಟ್ಟಲೆ ಊಟ ನಿದ್ದೆ ಕೆಟ್ಟು ಮಗು ಇಳಿದುಹೋದರೆ, ಮೊದಲು ಇಷ್ಟಪಡುತ್ತಿದ್ದ ಆಟವೂ ಬೇಡವಾದರೆ ಮನೆಮದ್ದನ್ನೇ ನೆಚ್ಚಿಕೊಂಡು ಕೂರಬೇಡಿ. ‘ನಾನೂ ತಾತನ ಹತ್ತಿರ ಹೋಗುತ್ತೇನೆ’ ಎಂದರೆ ಅದು ಬರೀ ನೆನಪೋ, ಸಾಯುವ ಮಾತೋ ಎಂದು ಬಿಡಿಸಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸಾಯುವ ಮಾತಾದರೆ ಅಂದೇ ವೈದ್ಯರನ್ನು ಕಾಣಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ. ಹೊರಡುವ ಮೊದಲು ಮಾತಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭರವಸೆ ಕೊಟ್ಟದ್ದು ಆ ನೋಟ್‌ಪುಸ್ತಕ. ಮಂಡ್ಯ ಸೀಮೆಯ ತಾತಂದಿರಿಗೆ ಕಟ್ಟೆಯ ಮಟ್ಟ ಎಂದರೆ ಬರೀ ಅಂಕಿಯಲ್ಲ ಎಂದು ನಿಮಗೆ ನಾನು ಹೇಳಬೇಕಿಲ್ಲ. ಕಟ್ಟೆ ತುಂಬಿ 124.80 ಅಡಿ ಮುಟ್ಟಿತೆಂದರೆ ಮನೆಯಲ್ಲಿ ಮದುವೆ ನಿಶ್ಚಯವಾದಷ್ಟು ಸಂತೋಷ. ಆ ಪುಸ್ತಕವನ್ನು ಅವನ ಕಣ್ಣಿಗೆ ಬೀಳುವ ಜಾಗದಲ್ಲಿ, ಪತ್ರಿಕೆಯ ಪಕ್ಕದಲ್ಲಿ ಇಡಿ. ‘ಬರಿ’ ಎನ್ನಬೇಡಿ. ಎರಡು ದಿನ ನೀವೇ ಗಟ್ಟಿಯಾಗಿ ಮಟ್ಟ ಓದಿ, ಬೇಕೆಂದೇ ಒಳಹರಿವು, ಹೊರಹರಿವು ಅದಲು ಬದಲು ಮಾಡಿ. ತಿದ್ದಲು ಅವನೇ ಬರುತ್ತಾನೆ. ಅವನು ಮತ್ತೆ ಬರೆಯತೊಡಗಿದ ಮೇಲೆ, ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ‘ನನ್ನ ಮಟ್ಟ’ ಎಂದು ಬರೆದುಕೊಳ್ಳಬಹುದೇನೋ ಕೇಳಿ: ಇವತ್ತು ಕೋಪ ಎಷ್ಟು ಅಡಿ, ಅಳು ಎಷ್ಟು ಅಡಿ, ಒಳಹರಿವು ಎಲ್ಲಿಂದ, ಹೊರಹರಿವು ಎಷ್ಟು ಕ್ಯೂಸೆಕ್. ‘ಬೇಜಾರು’ ಎಂಬ ಒಂದೇ ಪದವಿದ್ದ ಮಕ್ಕಳು ಅಂಕಿ ಸಿಕ್ಕರೆ ಎಷ್ಟು ವಿವರವಾಗಿ ಹೇಳುತ್ತಾರೆ ಎಂಬುದು ನನಗೆ ಇಂದಿಗೂ ಬೆರಗು.

ಮಹಾಲಯ ಅಮಾವಾಸ್ಯೆಗೆ ಮೊದಲು ಒಂದು ಭಾನುವಾರ ಅವನನ್ನು ಊರಿಗೆ ಕರೆದುಕೊಂಡು ಹೋಗಿ. ಅಲ್ಲಿ ಏನಿರುತ್ತದೆ, ಮಣ್ಣಿನ ದಿಬ್ಬ ಎಷ್ಟು ಉದ್ದ, ನೀವು ಅಳಬಹುದು, ಅಜ್ಜಿ ಅಳಬಹುದು ಎಂಬುದನ್ನೆಲ್ಲ ಹೊರಡುವ ಮೊದಲೇ ಹೇಳಿ. ಬರುವುದಿಲ್ಲ ಎಂದರೆ ಒತ್ತಾಯ ಬೇಡ. ಗದ್ದೆಯ ಬದುವಿನವರೆಗೆ ಬಂದು ನಿಂತರೂ ಆಯಿತು. ನಾಲೆಯ ನೀರು ಕುಡಿದು ಭತ್ತ ಹಸಿರಾಗಿ ನಿಂತಿರುತ್ತದೆ. ಹೊಡೆ ಯಾವಾಗ ಬರುತ್ತದೆ ಎಂದು ಚಿಕ್ಕಪ್ಪನನ್ನೋ ಪಕ್ಕದ ಗದ್ದೆಯವರನ್ನೋ ಅವನೇ ಕೇಳಲಿ. ಪುಸ್ತಕ ಜೊತೆಯಲ್ಲಿರಲಿ. ಅಂದಿನ ಮಟ್ಟವನ್ನು ತಾತನಿಗೆ ಓದಿ ಹೇಳಬೇಕೆಂದು ಅವನಿಗೆ ಅನ್ನಿಸಿದರೆ ಓದಲಿ, ನೀವು ಎರಡು ಹೆಜ್ಜೆ ಹಿಂದೆ ನಿಲ್ಲಿ. ಆಷಾಢದಿಂದ ಈಚೆಗೆ ಬರೆಯದೆ ಬಿಟ್ಟ ದಿನಗಳ ಲೆಕ್ಕವನ್ನು ಹಳೆಯ ಪತ್ರಿಕೆ ಹುಡುಕಿ ತುಂಬಿಸಲು ಮಾತ್ರ ಹೋಗಬೇಡಿ. ಅಷ್ಟು ಪುಟ ಖಾಲಿಯೇ ಇರಲಿ. ಅದರ ಮುಂದಿನ ಪುಟದಲ್ಲಿ ಅವನೇ ತಾರೀಖು ಹಾಕಿಕೊಳ್ಳಲಿ.